ಅಟ್ಟದಿಂದಿಳಿದ ಮರಗಂಟೆ

ಪಾಸ್ಕ ಹಬ್ಬ ಕಳೆದು ನಾಲ್ಕನೆಯ ದಿನ, ಬೆಳಗಿನ ಹೊತ್ತು. ಶಿಷ್ಯ ಇನ್ನಾಸಿ ಕಂಕುಳಲ್ಲಿ ಒಂದು ಶಿಲುಬೆ ಇರುಕಿಕೊಂಡು ದಡದಡ ಹೆಜ್ಜೆ ಹಾಕುತ್ತ ಹೊಳೆದಂಡೆಯ ಆಶ್ರಮಕ್ಕೆ ಬಂದ. ಮುಖ ಕೆಂಪಗೆ ಉರಿಯುತ್ತಿತ್ತು.

ಗುರು ಮಿಕೇಲಪ್ಪನವರು ಜಗಲಿಯ ಕೆಳಗೆ ನಿಂತು ಕಾಲು ತೊಳೆಯುತ್ತಿದ್ದರು. ಹಬ್ಬದ ಮಾರನೆಯ ದಿನ ನಸುಕಿನಲ್ಲೇ ಹೊಳೆಯಾಚೆಯ ಹಳ್ಳಿಗಳಿಗೆ ಪೂಜೆಗೆಂದು ಹೋದವರು ಆಗತಾನೆ ವಾಪಸು ಬಂದಿದ್ದರು.

"ಯಾರ ಮನೆ ಶಿಲುಬೆಯಯ್ಯ ಅದು?"

"ಸೌರಮ್ಮನ ಮನೇದು, ಗುರುಗಳೇ. ಬೀದಿಗೆ ಎಸೆದಳು! ನನ್ನ ಕಾಲ ಬುಡಕ್ಕೇ ಬಂದು ಬಿತ್ತು. 'ಇವನನ್ನ ನಿಮ್ಮ ಆಶ್ರಮದಲ್ಲೇ ಇಟ್ಕೊಳ್ಳಿ, ನನ್ನ ಮನೇಲಿ ಇವನಿಗೆ ಜಾಗ ಇಲ್ಲ' ಅಂದಳು. ಇಂಥ ದೇವದೂಷಣೆ ನನ್ನ ಕಿವಿಯಾರೆ ಕೇಳಬೇಕಾಯ್ತು."

"ದಿನಾ ಅದರ ಮುಂದೆ ದೀಪ ಹಚ್ಚೋ ಹೆಂಗಸು ಅವಳು. ಯಾಕೆ ಎಸೆದಳು?"

ಆಗ ಇನ್ನಾಸಿಯ ದನಿ ಇಳಿಯಿತು.

"ಅವಳ ಮಗಳು ಹೋದಳು, ಗುರುಗಳೇ. ಜಸಿಂತ. ಸೋಮವಾರ ಮಧ್ಯಾಹ್ನ. ಹಬ್ಬಕ್ಕೆ ಹೊಲಿಸಿದ್ದ ಬಿಳಿ ಲಂಗದ ಮೇಲೆ ಸಾರು ಚೆಲ್ಲಿಕೊಂಡಿದ್ದಳಂತೆ. ಅವ್ವ ಬಯ್ಯೋದಕ್ಕೆ ಮುಂಚೆ ಒಗೆದುಬಿಡೋಣ ಅಂತ ಹೊಳೆಗೆ ಹೋಗಿದ್ದಾಳೆ. ಅಲ್ಲಿ ಯಾವಾಗಲೂ ಮೊಣಕಾಲುದ್ದ ನೀರು. ಈಗ ಸಿಲ್ವೇರಪ್ಪನವರು ಮರಳು ತೆಗೆಸಿದ ಗುಂಡಿ ಇತ್ತು."

ಗುರುಗಳ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

ಎಂಟು ವರ್ಷದ ಹುಡುಗಿ. ಆಶ್ರಮದ ಅಂಗಳದಲ್ಲಿ ಉದುರಿದ ಸಂಪಿಗೆ ಆರಿಸುತ್ತ, ಗುರುಗಳ ಬೋಳುತಲೆಯನ್ನು ಎದುರಿಗೇ ತಮಾಷೆ ಮಾಡುತ್ತಿದ್ದವಳು. ಸೌರಮ್ಮನಿಗೆ ಗಂಡನಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಮತ್ತು ಈ ಮಗಳು, ಅಷ್ಟೇ.

"ಮಣ್ಣು ಮಾಡಿದಿರಾ?"

"ಮಂಗಳವಾರ. ನಿಮಗೆ ಹೇಳಿ ಕಳಿಸಿದ್ದೆ, ನೀವು ಆ ಹಳ್ಳಿ ಬಿಟ್ಟಿದ್ದಿರಂತೆ. ನಾನೇ ಪ್ರಾರ್ಥನೆ ಹೇಳಿ ಮಣ್ಣು ಮಾಡಿಸಿದೆ. ಒಂದು ಮಾತೂ ತಪ್ಪಲಿಲ್ಲ."

ಅದನ್ನು ಹೇಳುವಾಗ ಅವನ ಎದೆ ಸ್ವಲ್ಪ ಉಬ್ಬಿತು. ಏನು ಮಾಡೋಣ, ಎರಡು ವರ್ಷ ಓದಿದವನು! ಇನ್ನು ಹತ್ತು ದಿನ ಕಳೆದರೆ ಉಪದೇಶಿಯಾಗಿ ಒಂದು ಊರಿಗೆ ಹೋಗುವವನು. ಯಾವ ಹಬ್ಬಕ್ಕೆ ಯಾವ ಬಣ್ಣ, ಯಾವ ದಿನಕ್ಕೆ ಯಾವ ಹಾಡು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

"ಇವತ್ತು ಆ ಮನೆಗೆ ಯಾಕೆ ಹೋಗಿದ್ದೆ?"

"ಅವಳ ಅತ್ತೆ ಕರೆದಳು. ಸೋಮವಾರದಿಂದ ಸೌರಮ್ಮ ಅನ್ನ ಮುಟ್ಟಿಲ್ಲ. ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ಮಗಳ ಹಿಂದೆಯೇ ಹೋಗ್ತೀನಿ ಅಂತಾಳಂತೆ. ನೀವಾದರೂ ಸಮಾಧಾನ ಹೇಳಿ ಅಂತ ಅತ್ತೆ ಕಾಲಿಗೆ ಬಿದ್ದಳು. ಹೋಗಿ, ಬಾಗಿಲು ತೆಗೆಸಿ ಹೇಳಿದೆ."

"ಏನು ಹೇಳಿದೆ?"

"ಸಮಾಧಾನ ಹೇಳಿದೆ."

"ಅದೇ, ಏನಂತ?"

"ಎಲ್ಲ ದೇವರ ಚಿತ್ತ ಅಂದೆ. ಆಮೇಲೆ, ಇದು ಪಾಸ್ಕದ ವಾರ, ಯೇಸುಸ್ವಾಮಿ ಸಾವಿನಿಂದ ಎದ್ದ ವಾರ, ಧರ್ಮಸಭೆಯೆಲ್ಲ ಅಲ್ಲೆಲೂಯ ಹಾಡುತ್ತಿರುವಾಗ ಹೀಗೆ ಊಟ ಬಿಟ್ಟು ಶೋಕ ಮಾಡಬಾರದು ಅಂದೆ. ಅವಳು ಕಪ್ಪು ಸೀರೆ ಉಟ್ಟಿದ್ದಳು. ಈ ಎಂಟು ದಿನ ಬಿಳಿ ಉಡಮ್ಮ, ಅದು ಕ್ರಮ ಅಂದೆ."

ಗುರುಗಳು ಚೊಂಬನ್ನು ಕೆಳಗಿಟ್ಟರು.

"ಬಿಳಿ ಉಡು ಅಂದೆ."

"ಕ್ರಮ ಅಲ್ಲವೇ, ಗುರುಗಳೇ?"

"ಮಗಳು ಬಿಳಿ ಲಂಗ ಒಗೆಯೋಕೆ ಹೋಗಿ ಸತ್ತಳು. ನೀನು ಅವಳ ತಾಯಿಗೆ ಬಿಳಿ ಉಡು ಅಂದೆ."

ಅದು ಇನ್ನಾಸಿಗೆ ಹೊಳೆದೇ ಇರಲಿಲ್ಲ.

"ನಿನ್ನ ತಲೆ ಮೇಲೆ ಶಿಲುಬೆ ಬೀಳದೆ ಕಾಲ ಬುಡಕ್ಕೆ ಬಿತ್ತಲ್ಲ, ಆ ತಾಯಿ ಪುಣ್ಯಾತ್ಗಿತ್ತಿ!" ಗುರುಗಳ ದನಿ ಏರಿತು. ಹೂಬಿಸಿಲಿನಲ್ಲಿ ಕೂತಿದ್ದ ಕಾಗೆ ಹಾರಿ ಹೋಯಿತು. "ದೇವರ ಚಿತ್ತವಂತೆ! ದೇವರು ಹೊಳೆಗೆ ಇಳಿದು ಗುಂಡಿ ತೋಡಿದನೇನಯ್ಯ? ಟ್ರ್ಯಾಕ್ಟರಿಗೆ ಮರಳು ತುಂಬಿಸಿದನೇ? ಸುತ್ತ ಒಂದು ಮುಳ್ಳುಬೇಲಿ ಹಾಕಿಸೋಕೆ ದೇವರಿಗೆ ಪುರುಸೊತ್ತು ಇರಲಿಲ್ಲವೇ? ನಾನು ಎರಡು ವರ್ಷ ಪಾಠ ಹೇಳಿದೀನಿ. ಈ ಪಾಠ ಹೇಳಿಕೊಡಲಿಲ್ಲ. ಯಾರು ಹೇಳಿಕೊಟ್ಟರು?"

ಇನ್ನಾಸಿ ತಲೆ ಬಗ್ಗಿಸಿದ.

"ಸ್ಮಶಾನದಲ್ಲಿ ಸಿಲ್ವೇರಪ್ಪನವರು ಅಂದರು. ದೊಡ್ಡ ಹೂವಿನ ಹಾರ ತಂದಿದ್ದರು. 'ಎಲ್ಲ ದೇವರ ಚಿತ್ತ, ನಮ್ಮ ಕೈಲಿ ಏನಿದೆ' ಅಂತ ಕಣ್ಣೊರೆಸಿಕೊಂಡರು. ಎಲ್ಲರೂ ಹೌದು ಹೌದು ಅಂದರು. ನನಗೂ ಸರಿ ಅನ್ನಿಸಿತು."

ಗುರುಗಳು ನಕ್ಕರು. ಆ ನಗು ನೋಡಿ ಇನ್ನಾಸಿಗೆ ಬೈಗುಳವೇ ವಾಸಿಯಿತ್ತು ಅನ್ನಿಸಿತು.

"ಗುಂಡಿ ತೋಡಿದವನು ದೇವರ ಚಿತ್ತ ಅಂದ. ನೀನು ಆಮೆನ್ ಅಂದೆ. ಮುಗೀತು, ಯಾರದೂ ತಪ್ಪಿಲ್ಲ!"

ಇನ್ನಾಸಿಗೆ ಅಳು ಬಂತು, ಸಿಟ್ಟೂ ಬಂತು. "ನಾನು ಅವಳಿಗೆ ಒಳ್ಳೇದಾಗಲಿ ಅಂತಲೇ ಹೇಳಿದ್ದು. ಆದರೂ ಶಿಲುಬೆ ಎಸೆಯೋದು ಸರಿಯೇ, ಗುರುಗಳೇ? ದೇವರನ್ನ ಬಯ್ಯೋದು ಸರಿಯೇ?"

ಗುರುಗಳು ಕೈ ಚಾಚಿದರು. ಇನ್ನಾಸಿ ಶಿಲುಬೆ ಕೊಟ್ಟ. ಹಳೆಯ ಹಲಸಿನ ಮರದ್ದು. ಮೇಲೆ ಯಾರೋ ಹಳ್ಳಿಯ ಆಚಾರಿ ಕೆತ್ತಿದ ಯೇಸುಸ್ವಾಮಿ. ಬಿದ್ದ ಏಟಿಗೆ ಒಂದು ತೋಳು ಬಿರುಕು ಬಿಟ್ಟಿತ್ತು.

"ಇವನ ಬಾಯಿ ನೋಡು. ಹೇಗಿದೆ?"

"ತೆರೆದಿದೆ."

"ಯಾಕೆ?"

"ಸಾಯುವಾಗ ಕೂಗಿದರಲ್ಲ, ಗುರುಗಳೇ."

"ಏನಂತ ಕೂಗಿದ? ಅಲ್ಲೆಲೂಯ ಅಂತಲೇ?"

"ಇಲ್ಲ. ಯಾಕೆ ಕೈಬಿಟ್ಟೆ ಅಂತ."

"ಯಾರನ್ನ ಕೇಳಿದ?"

ಇನ್ನಾಸಿ ಶಿಲುಬೆಯಿಂದ ಕಣ್ಣು ತೆಗೆದ. ಉತ್ತರ ಗೊತ್ತಿಲ್ಲದೆ ಅಲ್ಲ.

"ಅದೂ ದೇವದೂಷಣೆಯೋ?" ಎಂದರು ಗುರುಗಳು. "ಹೋಗು. ಅಟ್ಟ ಹತ್ತಿ ಮರಗಂಟೆ ಇಳಿಸಿ ತಾ."

ಇನ್ನಾಸಿ ಬೆಚ್ಚಿಬಿದ್ದ.

ಆಶ್ರಮದಲ್ಲಿ ಎರಡು ಗಂಟೆಗಳಿದ್ದವು. ಒಂದು ಗೋಪುರದ ಕಂಚಿನ ಗಂಟೆ. ಹೋದ ವರ್ಷ ಸಿಲ್ವೇರಪ್ಪ ಮಾಡಿಸಿಕೊಟ್ಟದ್ದು, ಅದರ ಮೈಮೇಲೆ ಅವನ ಹೆಸರೂ ಇತ್ತು. ಇನ್ನೊಂದು ಮರಗಂಟೆ. ಗಂಟೆ ಅಂದರೆ ಗಂಟೆಯಲ್ಲ, ಒಂದು ಹಿಡಿಯಿರುವ ಹಲಗೆ, ಅದಕ್ಕೆ ತಗುಲಿಸಿದ ಮರದ ಸುತ್ತಿಗೆ. ಅಲ್ಲಾಡಿಸಿದರೆ ಟಕ ಟಕ ಎಂದು ಒಣ ಸದ್ದು ಮಾಡುತ್ತದೆ. ಪಾಸ್ಕಕ್ಕೆ ಮುಂಚಿನ ಗುರುವಾರ ಸಂಜೆಯಿಂದ ಕಂಚು ಮೌನ. ಯೇಸುಸ್ವಾಮಿ ಸತ್ತ ಶುಕ್ರವಾರ ಊರಿಗೆಲ್ಲ ಕೇಳುವುದು ಮರದ ಸದ್ದೊಂದೇ. ಶನಿವಾರ ಮುಗಿಯುತ್ತಲೂ ಅದನ್ನು ಊದಾ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರೆ, ಮತ್ತೆ ಕೈಗೆ ತೆಗೆಯುವುದು ಮುಂದಿನ ವರ್ಷ.

"ಪಾಸ್ಕದ ವಾರದಲ್ಲಿ ಮರಗಂಟೆಯೇ? ಕ್ರಮ ಅಲ್ಲ, ಗುರುಗಳೇ. ಜನ ಏನಂದಾರು?"

"ಇವತ್ತು ಯಾವ ವಾರ?"

"ಗುರುವಾರ."

"ಸೌರಮ್ಮನ ಮನೇಲಿ ಯಾವ ವಾರ?"

ಇನ್ನಾಸಿ ಅಟ್ಟ ಹತ್ತಿದ.

ಇಬ್ಬರೂ ಹೊರಟರು. ಮುಂದೆ ಗುರುಗಳು, ಹಿಂದೆ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದು ಕೈಯಲ್ಲಿ ಮರಗಂಟೆ ಹಿಡಿದ ಇನ್ನಾಸಿ. ಹೊಳೆದಂಡೆಯ ದಾರಿ. ಗುಂಡಿಯ ಪಕ್ಕದಲ್ಲೇ ಹೋಗಬೇಕು. ನೀರು ಅಲ್ಲಿ ಹಸಿರಾಗಿ, ಸುಮ್ಮನೆ, ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಬೇಲಿಯಿರಲಿ, ನೆಟ್ಟ ಒಂದು ಕೋಲೂ ಇರಲಿಲ್ಲ. ಟ್ರ್ಯಾಕ್ಟರ್ ಚಕ್ರದ ಗುರುತು ಹೊಸದಾಗಿತ್ತು. ನಿನ್ನೆಯೂ ಮರಳು ತೆಗೆದಿದ್ದಾರೆ! ಮೊನ್ನೆ ಮಣ್ಣಾದ ಮಗುವಿನ ಮೇಲಿನ ಹೂ ಇನ್ನೂ ಬಾಡಿಲ್ಲ, ನಿನ್ನೆ ಇಲ್ಲಿ ಮರಳು ತುಂಬಿದ್ದಾರೆ!

ಬರುವಾಗ ಇದೇ ದಾರಿಯಲ್ಲಿ ಬಂದಿದ್ದ ಇನ್ನಾಸಿ. ಆಗ ಅವನಿಗೆ ಇದೊಂದೂ ಕಂಡಿರಲಿಲ್ಲ. ಸೌರಮ್ಮನ ಮೇಲಿನ ಸಿಟ್ಟು ಅವನಿಗೇ ಗೊತ್ತಾಗದಂತೆ ಬೇರೆ ಕಡೆ ತಿರುಗಿತು.

ಮನೆಯ ಬಾಗಿಲು ಹಾಕಿತ್ತು. ಅತ್ತೆ ಜ್ಞಾನಮ್ಮ ಗಂಜಿಯ ಬಟ್ಟಲು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಹೊರಗೆ ಕೂತಿದ್ದಳು.

"ನಾಲ್ಕು ಸಲ ಬಿಸಿ ಮಾಡ್ದೆ ಸ್ವಾಮಿ. ಬಾಗಿಲು ತೆಗೀತಿಲ್ಲ. ಇವತ್ತೂ ಹೊಟ್ಟೆಗೆ ಏನೂ ಹೋಗದಿದ್ರೆ ಉಳಿಯಲ್ಲ ಅವಳು. ಮೊಮ್ಮಗಳನ್ನ ಕೊಟ್ಟಾಯ್ತು, ಸೊಸೇನೂ ಕೊಡಬೇಕಾ ನಾನು?"

ಗುರುಗಳು ಬಾಗಿಲು ತಟ್ಟಲಿಲ್ಲ. ಅಂಗಳದ ಮಣ್ಣಿನಲ್ಲಿ, ಬಿಸಿಲಿನಲ್ಲಿ, ಹಾಗೇ ಕುಳಿತುಬಿಟ್ಟರು.

"ಹೊಡಿ," ಎಂದರು ಇನ್ನಾಸಿಗೆ.

"ನಾನೇ?"

"ಬಿಳಿ ಉಡು ಅಂದವನು ನೀನು ತಾನೇ?"

ಇನ್ನಾಸಿ ಮರಗಂಟೆ ಎತ್ತಿದ. ಟಕ. ಟಕ. ಟಕ ಟಕ.

ಎದುರು ಮನೆಯ ಕಿಟಕಿಯಿಂದ ಒಂದು ತಲೆ ಹೊರಬಂತು. "ಅಯ್ಯೋ, ಪಾಸ್ಕದಲ್ಲಿ ಮರಗಂಟೆ! ಉಪದೇಶಿಗಳೇ, ತಲೆ ಗಿಲೆ ಕೆಟ್ಟಿದೆಯಾ?"

ಇನ್ನಾಸಿಯ ಕಿವಿ ಬಿಸಿಯಾಯಿತು. ಗುರುಗಳ ಕಡೆ ನೋಡಿದ. ಅವರು ಬಾಗಿಲನ್ನೇ ನೋಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಹೊಡೆಯುತ್ತ ಹೊಡೆಯುತ್ತ ಅವನ ಕಣ್ಣಲ್ಲಿ ನೀರು ಬಂತು. ಮಂಗಳವಾರ ಅಷ್ಟೊಂದು ಪ್ರಾರ್ಥನೆ ಓದುವಾಗ ಬಂದಿರದ ನೀರು.

ಬಾಗಿಲು ತೆರೆಯಿತು.

ಸೌರಮ್ಮ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಒಡೆದಿತ್ತು. ಅದೇ ಕಪ್ಪು ಸೀರೆ.

"ಯಾಕೆ ಹೊಡೀತಿದ್ದೀರಿ ಅದನ್ನ? ನಿಮಗೆಲ್ಲ ಹಬ್ಬ ಅಲ್ವಾ?"

"ಹಬ್ಬ ಅಂದ್ಕೊಂಡಿದ್ವಿ ತಾಯಿ," ಎಂದರು ಗುರುಗಳು. "ತಪ್ಪಾಯ್ತು. ಈ ಮನೇಲಿ ಇನ್ನೂ ಶುಕ್ರವಾರ ಮುಗಿದಿಲ್ಲ."

ಅವಳು ಅವರನ್ನೇ ದುರುದುರು ನೋಡಿದಳು. ಆಮೇಲೆ ಅವಳ ಬಾಯಿಂದ ಮಾತು ಹೊರಟಿತು. ಮೂರು ದಿನದಿಂದ ಕಟ್ಟಿಟ್ಟದ್ದು.

"ಎಲ್ಲಿದ್ದ ಸ್ವಾಮಿ ಅವನು? ದಿನಾ ದೀಪಕ್ಕೆ ಎಣ್ಣೆ ಹಾಕ್ದೆ. ನಲವತ್ತು ದಿನ ಒಪ್ಪೊತ್ತು ಊಟ ಮಾಡ್ದೆ. ಶಿಲುಬೆ ಹಾದೀಲಿ ಹದಿನಾಲ್ಕು ಕಡೆ ಮಂಡಿ ಊರಿ ಅವನಿಗೋಸ್ಕರ ಅತ್ತೆ. ನನ್ನ ಮಗು ನೀರಲ್ಲಿ ಕೈ ಬಡೀತಿದ್ದಾಗ ಒಂದು ಕೈ ಚಾಚೋಕೆ ಆಗ್ಲಿಲ್ವಾ ಅವನಿಗೆ? ನೀರ ಮೇಲೆ ನಡೆದನಂತೆ! ಯಾರಿಗೆ ಬೇಕಾಗಿತ್ತು ಅವನು ನೀರ ಮೇಲೆ ನಡೆಯೋದು?"

ಗುರುಗಳು ತಲೆಯಾಡಿಸಿದರು.

"ಕೇಳು ತಾಯಿ. ಇನ್ನೂ ಕೇಳು."

"ಕೇಳ್ತೀನಿ! ನನಗೇನು ಹೆದರಿಕೆ? ಇನ್ನೇನು ಕಿತ್ಕೊಳ್ತಾನೆ ನನ್ನಿಂದ? ಮೂರನೇ ದಿನ ಎದ್ದ ಅಂತ ಭಾನುವಾರ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ್ದು ನನ್ನ ಮಗಳೇ. ಅವಳನ್ನ ಮಣ್ಣು ಮಾಡಿ ಇವತ್ತಿಗೆ ಮೂರನೇ ದಿನ. ಎಲ್ಲಿ? ಎದ್ದು ಬಂದಳಾ? ಹೇಳಿ!"

"ಇಲ್ಲ ತಾಯಿ."

"ಯಾಕೆ?"

"ಗೊತ್ತಿಲ್ಲ. ನಲವತ್ತು ವರ್ಷದಿಂದ ಗುರು ಅನ್ನಿಸ್ಕೊಂಡಿದೀನಿ. ನನಗೆ ಗೊತ್ತಿಲ್ಲ."

ಅವಳು ನಿಂತಲ್ಲೇ ಕುಸಿದು ಹೊಸ್ತಿಲ ಮೇಲೆ ಕೂತಳು. ಇಷ್ಟು ದಿನ ಅವಳೆದುರು ಯಾರೂ ಹೀಗೆ ಹೇಳಿರಲಿಲ್ಲ. ಬಂದವರೆಲ್ಲ ಎಲ್ಲ ಗೊತ್ತಿದ್ದವರೇ.

ಇನ್ನಾಸಿ ಮರಗಂಟೆ ಕೆಳಗಿಟ್ಟ. ಅವಳ ಮುಂದೆ ಮಂಡಿಯೂರಿದ.

"ಅಕ್ಕ, ನಾನು ಸುಳ್ಳು ಹೇಳಿದೆ. ಅದು ದೇವರ ಚಿತ್ತ ಅಲ್ಲ. ಆ ಗುಂಡಿ ಮನುಷ್ಯರು ತೋಡಿದ್ದು. ದೇವರ ಹೆಸರು ಹೇಳಿ ಅದನ್ನ ಮುಚ್ಚಿದೆ. ನನ್ನ ಕ್ಷಮಿಸು."

"ನಾನೂ ತಪ್ಪು ಮಾಡಿದೀನಿ," ಎಂದರು ಗುರುಗಳು. ದನಿ ಗಡಸಾಗಿತ್ತು, ಆ ಗಡಸು ತಮ್ಮ ಮೇಲೆಯೇ. "ಹೊಳೇಲಿ ಗುಂಡಿ ತೋಡಿಸಬೇಡಪ್ಪ ಅಂತ ಸಿಲ್ವೇರಪ್ಪನಿಗೆ ಹೋದ ವರ್ಷ ಎರಡು ಸಲ ಹೇಳಿದ್ದೆ. ಆಶ್ರಮಕ್ಕೆ ಅವನ ಗಂಟೆ ಬಂದ ಮೇಲೆ ಹೇಳೋದು ಬಿಟ್ಟೆ. ದಾಕ್ಷಿಣ್ಯ. ಆ ಗಂಟೆ ಹೊಡೆದಾಗಲೆಲ್ಲ ನನ್ನ ಬಾಯಿ ಕಟ್ಟಿಹೋಗಿತ್ತು ತಾಯಿ. ನನ್ನನ್ನೂ ಬಯ್ಯಿ."

ಸೌರಮ್ಮ ಬಯ್ಯಲಿಲ್ಲ. ಬಯ್ಯುವ ಶಕ್ತಿ ಮುಗಿದಿತ್ತು. ಸಿಟ್ಟಿನ ಅಡಿಯಲ್ಲಿ ಅಡಗಿಸಿಟ್ಟಿದ್ದ ಮಾತು ಈಗ ಮೆಲ್ಲಗೆ ಬಂತು.

"ಅವಳಿಗೆ ಕತ್ತಲು ಅಂದ್ರೆ ಆಗ್ತಿರಲಿಲ್ಲ ಸ್ವಾಮಿ. ದಿನಾ ನನ್ನ ಸೆರಗು ಹಿಡ್ಕೊಂಡೇ ಮಲಗ್ತಿದ್ದಳು. ನಾನು ಮಗ್ಗಲು ಬದಲಾಯಿಸಿದ್ರೂ ಬಿಡ್ತಿರಲಿಲ್ಲ. ಈಗ ಅಷ್ಟು ಮಣ್ಣಿನ ಕೆಳಗೆ, ಒಬ್ಬಳೇ, ಏನು ಹಿಡ್ಕೊಂಡಿದಾಳೆ? ಅದಕ್ಕೇ ನಾನು ಹೋಗ್ಬೇಕು. ಇನ್ಯಾಕೂ ಅಲ್ಲ."

ಜ್ಞಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಗುರುಗಳು ಇನ್ನಾಸಿಯ ಕೈಯಿಂದ ಶಿಲುಬೆ ತೆಗೆದುಕೊಂಡರು. ಅವಳಿಗೆ ಕೊಡಲಿಲ್ಲ. ಇಬ್ಬರ ನಡುವೆ ನೆಲದ ಮೇಲೆ ಮಲಗಿಸಿದರು.

"ಇವನು ಭಾನುವಾರ ಎದ್ದ ಅಂತ ಎಲ್ಲರೂ ಹಾಡ್ತಾರೆ. ಶನಿವಾರ ಎಲ್ಲಿದ್ದ ಅಂತ ಯಾರೂ ಕೇಳಲ್ಲ. ಬಟ್ಟೆ ಸುತ್ತಿ, ಗುಹೇಲಿಟ್ಟು, ಬಂಡೆ ಮುಚ್ಚಿದ್ರು ತಾಯಿ. ಒಂದು ಹಗಲು ಎರಡು ರಾತ್ರಿ ಆ ಕತ್ತಲೇಲೇ ಇದ್ದ. ಅವನ ಅವ್ವ ಹೊರಗೆ ಇದ್ದಳು, ನಿನ್ನ ಹಾಗೇ. ಆ ಜಾಗಕ್ಕೆ ನಾನು ಹೋಗಿಲ್ಲ, ನೀನು ಹೋಗಿಲ್ಲ. ಅಲ್ಲಿಗೆ ಹೋಗಿ ಬಂದವನು ಇವನೊಬ್ಬನೇ. ಅಲ್ಲಿಯ ಕತ್ತಲು ಇವನಿಗೆ ಪರಿಚಯ. ನಿನ್ನ ಮಗಳು ಸೆರಗು ಹುಡುಕಿ ಕೈ ಚಾಚಿದ್ರೆ, ಹಿಡಿಯೋಕೆ ಅಲ್ಲಿ ಒಂದು ಕೈ ಇದೆ. ಮೊಳೆ ಹೊಡೆಸಿಕೊಂಡ ಕೈ. ನಾನು ನಂಬಿರೋದು ಇಷ್ಟೇ. ಇದಕ್ಕಿಂತ ಹೆಚ್ಚಿಗೆ ನನ್ನ ಹತ್ರ ಏನೂ ಇಲ್ಲ."

ಸೌರಮ್ಮ ಶಿಲುಬೆಯನ್ನು ನೋಡಿದಳು. ಮುಟ್ಟಲಿಲ್ಲ.

"ನೀರಲ್ಲಿ ಇರಲಿಲ್ಲ ಅವನು," ಎಂದಳು.

"ಅದನ್ನ ಅವನನ್ನೇ ಕೇಳು. ದಿನಾ ಕೇಳು. ಸಾಯೋವರೆಗೂ ಕೇಳು. ಆದರೆ ಮನೆಯಿಂದ ಆಚೆ ಹಾಕಿದ್ರೆ ಯಾರನ್ನ ಕೇಳ್ತೀಯ?"

ಬಿಸಿಲು ಅಂಗಳವನ್ನೆಲ್ಲ ತುಂಬಿತು. ಎದುರು ಮನೆಯ ಕಿಟಕಿಯಲ್ಲಿದ್ದ ತಲೆ ಒಳಗೆ ಹೋಗಿತ್ತು.

ಅವಳು ಕೈ ಚಾಚಿ ಶಿಲುಬೆಯನ್ನು ಎತ್ತಿಕೊಂಡಳು. ಬಿರುಕು ಬಿಟ್ಟ ತೋಳಿನ ಮೇಲೆ ಬೆರಳಾಡಿಸಿದಳು. ಬೀದಿಯ ಧೂಳು ಇನ್ನೂ ಮೆತ್ತಿತ್ತು. ಸೆರಗಿನ ತುದಿಯಿಂದ ಒರೆಸಿದಳು. ಮುಖ ಒರೆಸಿದಳು, ತೆರೆದ ಬಾಯಿ ಒರೆಸಿದಳು. ಒರೆಸುತ್ತ ಒರೆಸುತ್ತ ಅಳು ಕಿತ್ತುಕೊಂಡು ಬಂತು. ಸೋಮವಾರದಿಂದ ಇವತ್ತಿನವರೆಗೆ ಅವಳು ಅತ್ತಿರಲಿಲ್ಲವೆಂದು ಜ್ಞಾನಮ್ಮ ಆಮೇಲೆ ಹೇಳಿದಳು.

ಇನ್ನಾಸಿ ಎದ್ದ. "ಗೋಡೆಗೆ ತೂಗುಹಾಕಲೇ, ಅಕ್ಕ? ಮೊಳೆ ಅಲ್ಲೇ ಇದೆ."

"ಬೇಡ. ಮೊಳೆ ಸಾಕು ಅವನಿಗೆ. ಇಲ್ಲೇ ಇರ್ಲಿ." ಅವಳು ಶಿಲುಬೆಯನ್ನು ಮಡಿಲಲ್ಲಿ ಮಲಗಿಸಿಕೊಂಡು ಮೇಲೆ ಸೆರಗು ಹೊದಿಸಿದಳು.

ಜ್ಞಾನಮ್ಮ ಬಟ್ಟಲು ಮುಂದೆ ಹಿಡಿದಳು. ಸೌರಮ್ಮ ಒಂದು ಗುಟುಕು ಕುಡಿದಳು. ತಡೆದಳು. ಇನ್ನೊಂದು ಕುಡಿದಳು.

"ಉಪ್ಪೇ ಹಾಕಿಲ್ಲ ಅತ್ತೆ," ಎಂದಳು.

"ತರ್ತೀನಿ ಕಣವ್ವ, ಈಗ ತಂದೆ," ಎಂದು ಆ ಮುದುಕಿ ಎದ್ದು ಓಡಿದಳು. ಆ ವಯಸ್ಸಿನಲ್ಲಿ ಹಾಗೆ ಓಡಿದವರನ್ನು ಇನ್ನಾಸಿ ನೋಡಿರಲಿಲ್ಲ.

ಬಟ್ಟಲು ಬರಿದಾಗುವವರೆಗೆ ಗುರುಗಳು ಅಲ್ಲಿಂದ ಏಳಲಿಲ್ಲ. ಎದ್ದಾಗ ಸೌರಮ್ಮ ತಲೆಯೆತ್ತಿ ಕೇಳಿದಳು.

"ಗುಂಡಿ ಹಾಗೇ ಇದೆಯಾ ಸ್ವಾಮಿ?"

"ಹಾಗೇ ಇದೆ."

"ನಾಳೆ ಇನ್ನೊಬ್ಬರ ಮಗು ಬಟ್ಟೆ ಒಗೆಯೋಕೆ ಹೋಗುತ್ತೆ."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು. ಬೀದಿಗಿಳಿದರು.

ಹೊತ್ತು ನೆತ್ತಿಗೇರಿತ್ತು. ಇನ್ನಾಸಿ ಮರಗಂಟೆಯನ್ನು ಊದಾ ಬಟ್ಟೆಯಲ್ಲಿ ಸುತ್ತತೊಡಗಿದ.

"ಮಧ್ಯಾಹ್ನದ ಗಂಟೆ ಹೊಡೆಯೋ ಹೊತ್ತಾಯ್ತು, ಗುರುಗಳೇ. ನಾನು ಮುಂದೆ ಓಡಿಹೋಗಿ ಇದನ್ನ ಅಟ್ಟಕ್ಕೆ ಇಟ್ಟುಬಿಡಲೇ?"

"ಮರಗಂಟೆಯ ಬಟ್ಟೆ ಬಿಚ್ಚು, ಇನ್ನಾಸಿ. ಸಿಲ್ವೇರಪ್ಪನ ಮನೆ ಇದೇ ದಾರೀಲಿದೆ."